ಕಾರಣ ತಿಳಿಸದ ಅಂಕ: ಡಚ್ ಶಿಶುಪಾಲನಾ ಭತ್ಯೆ ಪ್ರಕರಣದ ಕುರಿತು ಒಂದು ಟಿಪ್ಪಣಿ

2021ರ ಜನವರಿ 15ರಂದು ನೆದರ್‌ಲೆಂಡ್ಸ್‌ನಲ್ಲಿ ಮಾರ್ಕ್ ರುಟ್ಟೆ ಅವರ ಸಂಪುಟ ರಾಜೀನಾಮೆ ಕೊಟ್ಟಿತು. ಅದಕ್ಕೆ ಒಂದು ತಿಂಗಳ ಮೊದಲು ಸಂಸದೀಯ ವಿಚಾರಣಾ ಸಮಿತಿ ತನ್ನ ವರದಿ ಒಪ್ಪಿಸಿತ್ತು. ಶಿಶುಪಾಲನಾ ಭತ್ಯೆ ಪಡೆಯುತ್ತಿದ್ದ ಸಾವಿರಾರು ತಂದೆತಾಯಿಯರನ್ನು ತೆರಿಗೆ ಇಲಾಖೆ ವಂಚಕರ ಸಾಲಿಗೆ ಸೇರಿಸಿ, ಕೊಟ್ಟ ಹಣವನ್ನೆಲ್ಲ ವಾಪಸು ಕೇಳಿದ ಕತೆ ಅದರಲ್ಲಿತ್ತು. ಈ ಪ್ರಕರಣವನ್ನು ಪಕ್ಷಪಾತಿ ಅಲ್ಗಾರಿದಮ್‌ಗೆ ಉದಾಹರಣೆಯಾಗಿ ಕೊಡುವುದು ರೂಢಿ. ಅದು ತಪ್ಪಲ್ಲ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ. ಅನುಮಾನ ಏಕೆ ಹುಟ್ಟಿತು ಎಂಬುದು ಕಂಪ್ಯೂಟರಿನಿಂದ ಅಧಿಕಾರಿಗೂ ತಲುಪಲಿಲ್ಲ, ಅಧಿಕಾರಿಯಿಂದ ಪೋಷಕರಿಗೂ ತಲುಪಲಿಲ್ಲ.

ಮಗುವನ್ನು ಡೇ ಕೇರ್‌ನಲ್ಲಿ ಬಿಟ್ಟು ದುಡಿಯಲು ಹೋಗುವವರಿಗೆ ಅಲ್ಲಿನ ಸರ್ಕಾರ ಖರ್ಚಿನ ಒಂದು ಪಾಲನ್ನು ಮುಂಗಡವಾಗಿ ಕೊಡುತ್ತದೆ, ವರ್ಷ ಮುಗಿದ ಮೇಲೆ ಲೆಕ್ಕ ಚುಕ್ತಾ ಮಾಡುತ್ತದೆ. ಯಾವ ಅರ್ಜಿಗಳನ್ನು ಕೈಯಾರೆ ಪರಿಶೀಲಿಸಬೇಕೆಂದು ಆರಿಸಲು ಇಲಾಖೆ 2013ರಿಂದ ಸ್ವಯಂಕಲಿಕೆಯ ಒಂದು ಮಾದರಿಯನ್ನು ಬಳಸಿತು. ಹಿಂದಿನ ಸರಿಯಾದ ಮತ್ತು ತಪ್ಪಾದ ಅರ್ಜಿಗಳಿಂದ ಕಲಿತ ಆ ಮಾದರಿ ಅರ್ಜಿಗಳಿಗೆ ಅಪಾಯದ ಅಂಕ ಕೊಡುತ್ತಿತ್ತು. ಅಂಕ ಹೆಚ್ಚಿದ್ದ ಅರ್ಜಿ ಅಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಅರ್ಜಿದಾರರು ಡಚ್ ಪ್ರಜೆಯೇ ಅಲ್ಲವೇ ಎಂಬುದೂ ಅಂಕ ನಿರ್ಧರಿಸುವ ಅಂಶಗಳಲ್ಲಿ ಒಂದಾಗಿತ್ತು.

ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಅಂಶವನ್ನು ಇಲ್ಲಿ ನಿಧಾನವಾಗಿ ನೋಡಬೇಕು. ಪರಿಶೀಲನೆಗೆ ಕುಳಿತ ಅಧಿಕಾರಿಗೆ ಅಂಕ ಏಕೆ ಹೆಚ್ಚು ಬಂತೆಂಬ ಮಾಹಿತಿ ಸಿಗುತ್ತಿರಲಿಲ್ಲ. ಅಂತಿಮ ತೀರ್ಮಾನ ಮನುಷ್ಯರದೇ ಎಂಬ ಭರವಸೆ ಇವತ್ತು ಇಲಾಖೆಗಳಿಂದಲೂ ಕಂಪನಿಗಳಿಂದಲೂ ಸಲೀಸಾಗಿ ಬರುತ್ತದೆ. ಇಲ್ಲಿಯೂ ಮನುಷ್ಯರಿದ್ದರು. ಅವರ ಮುಂದೆ ಕಡತವಿತ್ತು, ಶಂಕೆಯಿತ್ತು. ಶಂಕೆಯ ಆಧಾರ ಇರಲಿಲ್ಲ. ಆಧಾರ ಗೊತ್ತಿಲ್ಲದವರು ಅದು ಹುರುಳಿಲ್ಲದ್ದೆಂದು ತಳ್ಳಿಹಾಕುವುದಾದರೂ ಹೇಗೆ? ಇನ್ನಷ್ಟು ದಾಖಲೆ ಕೇಳುವುದೊಂದೇ ಅವರಿಗೆ ಉಳಿದ ದಾರಿ. ಯಾವ ದಾಖಲೆ ಸಾಕಾದೀತೆಂದು ಪೋಷಕರಿಗೂ ತಿಳಿಯುತ್ತಿರಲಿಲ್ಲ.

ಯಂತ್ರವೊಂದನ್ನೇ ದೂರಿದರೆ ಇತಿಹಾಸಕ್ಕೆ ಅಪಚಾರ. ಪೋಷಕರು ತಾವು ಭರಿಸಬೇಕಾದ ಸಣ್ಣ ಪಾಲಿಗೆ ರಸೀದಿ ತೋರಿಸದಿದ್ದರೂ ಇಡೀ ವರ್ಷದ ಭತ್ಯೆಯನ್ನು ವಸೂಲು ಮಾಡಬಹುದೆಂದು ಇಲಾಖೆ ಕಾನೂನನ್ನು ಅರ್ಥೈಸಿತ್ತು. ದೇಶದ ಉನ್ನತ ಆಡಳಿತ ನ್ಯಾಯಪೀಠವೂ 2019ರ ಅಕ್ಟೋಬರ್‌ವರೆಗೆ ಅದನ್ನೇ ಎತ್ತಿಹಿಡಿಯಿತು. ಹತ್ತಾರು ಸಾವಿರ ಯೂರೋಗಳ ಸಾಲ ಒಮ್ಮೆಲೇ ಮೈಮೇಲೆ ಬಂದು ಜನ ಮನೆ ಕಳೆದುಕೊಂಡರು, ಸಂಸಾರಗಳು ಒಡೆದವು. ಈ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ಬೇರೆಡೆ ಇರಿಸಲಾಯಿತು. ಅದಕ್ಕೆಲ್ಲ ಸಾಲವೇ ಕಾರಣವೆಂದು ಹೇಳಲಾಗದು, ಆದರೂ ಆ ಸಂಖ್ಯೆಯನ್ನು ಬದಿಗಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕಾನೂನಿನ ಕಾಠಿಣ್ಯವೂ ಅಂಕದ ಮೌನವೂ ಸೇರಿದ್ದರಿಂದಲೇ ಅನಾಹುತ ಇಷ್ಟು ದೊಡ್ಡದಾಯಿತು. ಕಾರಣ ತಿಳಿದಿದ್ದರೆ ಎಷ್ಟೋ ಮಂದಿ ಮೊದಲ ನೋಟಿಸಿಗೇ ಉತ್ತರ ಕೊಡಬಹುದಿತ್ತು.

ಡಚ್ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಇಲಾಖೆಗೆ 27.5 ಲಕ್ಷ ಯೂರೋ ದಂಡ ಹಾಕಿತು. ಅಳಿಸಿಹಾಕಬೇಕಿದ್ದ, ಸುಮಾರು 14 ಲಕ್ಷ ಜನರ ದ್ವಿಪೌರತ್ವದ ವಿವರಗಳು 2018ರಲ್ಲಿಯೂ ಕಡತದಲ್ಲಿ ಉಳಿದಿದ್ದವು. ಇದೇ ದೇಶದ ಹೇಗ್ ಜಿಲ್ಲಾ ನ್ಯಾಯಾಲಯ 2020ರ ಫೆಬ್ರುವರಿ 5ರಂದು, ಕಲ್ಯಾಣ ಯೋಜನೆಗಳ ವಂಚನೆ ಹುಡುಕುವ ‘ಸಿರಿ’ ಎಂಬ ಮತ್ತೊಂದು ವ್ಯವಸ್ಥೆಯನ್ನು ತಡೆದಿತ್ತು. ಅದರ ಒಳಗಿನ ಲೆಕ್ಕಾಚಾರವನ್ನು ಯಾರೂ ಪರಿಶೀಲಿಸುವಂತಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಆಕ್ಷೇಪ.

ವ್ಯಾಪಾರದಲ್ಲಿ ಹೊಣೆಯಿಂದ ನುಣುಚಿಕೊಳ್ಳುವ ಬಗೆ ಸ್ವಲ್ಪ ಬೇರೆ. ಏರ್ ಕೆನಡಾದ ಚಾಟ್‌ಬಾಟ್, ಅಜ್ಜಿಯ ಸಾವಿಗೆ ಹೊರಟ ಪ್ರಯಾಣಿಕರೊಬ್ಬರಿಗೆ ರಿಯಾಯಿತಿ ದರದ ನಿಯಮವನ್ನು ತಪ್ಪಾಗಿ ತಿಳಿಸಿತು. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬ ಅರ್ಥದ ವಾದವನ್ನು ಕಂಪನಿ ಹೂಡಿದಾಗ, ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರುವರಿಯಲ್ಲಿ ಅದನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ಮೊತ್ತ ಚಿಕ್ಕದು, ತತ್ತ್ವ ಚಿಕ್ಕದಲ್ಲ.

ಭಾರತದ ಓದುಗರಿಗೆ ಇಲ್ಲೊಂದು ಹತ್ತಿರದ ದಾರಿಯಿದೆ, ಅದರ ಚರ್ಚೆ ಸಾಲದು ಎಂಬುದು ನನ್ನ ಅಭಿಪ್ರಾಯ. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಹೆಚ್ಚು ಅಪಾಯದ ವ್ಯವಸ್ಥೆಗಳ ತೀರ್ಮಾನಕ್ಕೆ ವಿವರಣೆ ಕೇಳುವ ಹಕ್ಕನ್ನು ಅದರ 86ನೇ ವಿಧಿ ಕೊಡುತ್ತದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಆದರೆ 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಡಿ) ಪ್ರಕಾರ, ಆಡಳಿತಾತ್ಮಕ ತೀರ್ಮಾನದಿಂದ ಬಾಧಿತರಾದವರಿಗೆ ಅದರ ಕಾರಣ ಒದಗಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ತೀರ್ಮಾನಕ್ಕೆ ಕಂಪ್ಯೂಟರ್ ನೆರವಾಗಿದ್ದರೆ ವಿನಾಯಿತಿ ಎಂದು ಅಲ್ಲಿ ಎಲ್ಲಿಯೂ ಹೇಳಿಲ್ಲ. ಹೀಗಾಗಿ ಪಡಿತರ ಚೀಟಿ, ಪಿಂಚಣಿಗಳ ಅರ್ಹತೆ ನೋಡಲು ಇಂಥ ಸಾಫ್ಟ್‌ವೇರ್ ಕೊಳ್ಳುವಾಗಲೇ, ಪ್ರತಿ ಅಂಕದ ಜೊತೆ ಅದರ ಕಾರಣವೂ ಓದಬಲ್ಲ ಕನ್ನಡದಲ್ಲಿ ಕಡತಕ್ಕೆ ಬರಬೇಕೆಂಬ ಷರತ್ತು ಟೆಂಡರಿನಲ್ಲಿರಬೇಕು. ಇಲ್ಲವಾದರೆ ಚೀಟಿ ರದ್ದಾದವರು ಏಕೆಂದು ಕೇಳಿದ ದಿನ ಕಚೇರಿಯಲ್ಲಿ ಹುಡುಕಿ ಕೊಡಲು ಯಾವ ಕಾಗದವೂ ಇರುವುದಿಲ್ಲ.