ಕಲಾವಿದನ ಕೈಯಲ್ಲಿ ವಿಷ

ಚಿತ್ರಪಟವೊಂದನ್ನು ನೋಡುವಾಗ ನಾವು ಅದರ ಬಣ್ಣವನ್ನು ಮೆಚ್ಚುತ್ತೇವೆ. ಆ ಬಣ್ಣವನ್ನು ಅರೆದ ಕೈಯ ಗತಿ ಏನಾಯಿತೆಂದು ಕೇಳುವುದಿಲ್ಲ. ಓದುಗರೇ, ಮುನ್ನೂರು ವರ್ಷಗಳಿಗೂ ಹಿಂದೆ ಆ ಪ್ರಶ್ನೆಯನ್ನು ಕೇಳಿದವನು ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ.

ಕಸುಬುದಾರರ ರೋಗಗಳನ್ನು ಕುರಿತ ಅವನ ಗ್ರಂಥ 1700ರಲ್ಲಿ ಮೊಡೆನಾ ನಗರದಲ್ಲಿ ಪ್ರಕಟವಾಯಿತು. ರೋಗಿಯನ್ನು ಪರೀಕ್ಷಿಸುವಾಗ ಅವನ ಕಸುಬೇನೆಂದೂ ವಿಚಾರಿಸಬೇಕೆಂಬುದು ಅವನು ವೈದ್ಯರಿಗೆ ಹೇಳಿದ ಪಾಠ. ತಾನು ಬಲ್ಲ ಚಿತ್ರಕಾರರು ಬಹುಮಟ್ಟಿಗೆ ರೋಗಿಷ್ಠರೇ ಎಂಬುದನ್ನು ಅವನು ಗಮನಿಸಿದ. ಬಿಳಿಚಿದ ಮುಖ, ಖಿನ್ನ ಮನಸ್ಸು ಇವು ಕಲಾವಿದರ ಹುಟ್ಟುಗುಣವೆಂಬ ಮಾತನ್ನು ಅವನು ಒಪ್ಪಲಿಲ್ಲ. ಸದಾ ಕೈಯಲ್ಲಿ, ಮೂಗಿನ ಬಳಿಯಲ್ಲಿ ಇರುವ ಸೀಸದ ಸಫೇದ, ಸಿಂಧೂರ, ಪಾದರಸದ ಇಂಗಳೀಕ, ವಾರ್ನಿಷು ಇವೇ ಕಾರಣವೆಂದ. ಕುಂಚದ ತುದಿಯನ್ನು ಬೆರಳಿನಿಂದ ಹಿಂಡಿ ಬಾಯಿಂದ ಚೀಪುತ್ತಿದ್ದ ಫ್ರಾನ್ಸಿನ ಚಿತ್ರಕಾರನೊಬ್ಬ ಕೈನಡುಕ, ಹೊಟ್ಟೆಶೂಲೆಗಳಿಂದ ನರಳಿ ಸತ್ತ ವೃತ್ತಾಂತವನ್ನೂ ಉದಾಹರಿಸಿದ.

ಇದು ದೂರದ ಮಾತಲ್ಲ. ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಆಭರಣ, ಕಂಬ, ಕಮಾನುಗಳ ಉಬ್ಬುಗೆಲಸಕ್ಕೆ ಸಫೇದದ ಪುಡಿಯನ್ನೇ ಅಂಟಿನೊಡನೆ ಕಲಸುತ್ತಿದ್ದರು. ಅದರ ಮೇಲೆ ಚಿನ್ನದ ರೇಕು. ನಾವು ಕೈಮುಗಿಯುವ ಹಳೆಯ ಪಟಗಳ ಹೊಳಪಿನ ಕೆಳಗೆ ಸೀಸವಿದೆ.

ಕಾನೂನು ನಿಧಾನವಾಗಿ ಬಂತು. 1921ರಲ್ಲಿ ಜಿನೀವಾದಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಟ್ಟಡಗಳ ಒಳಗೋಡೆಗೆ ಸೀಸದ ಸಫೇದ ಬಳಿಯುವುದನ್ನು ನಿಷೇಧಿಸುವ ಒಡಂಬಡಿಕೆಯನ್ನು ಅಂಗೀಕರಿಸಿತು. ಆದರೆ ಕಲಾತ್ಮಕ ಚಿತ್ರಣಕ್ಕೆ ಇದು ಅನ್ವಯಿಸದೆಂದು ಎರಡನೆಯ ವಿಧಿಯಲ್ಲೇ ಬರೆಯಿತು! ಗೋಡೆಗೆ ಬಣ್ಣ ಬಳಿಯುವವನಿಗೆ ರಕ್ಷಣೆ ದೊರೆಯಿತು; ಚಿತ್ರ ಬರೆಯುವವನು ಹೊರಗೇ ಉಳಿದ. ಕಲಾಸಾಮಗ್ರಿಗಳ ದೀರ್ಘಕಾಲದ ಅಪಾಯವನ್ನು ತಜ್ಞರಿಂದ ಪರೀಕ್ಷಿಸಿ, ಡಬ್ಬಿಯ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂಬ ಕಾಯಿದೆ ಅಮೆರಿಕದಲ್ಲಿ ಆದದ್ದು 1988ರಲ್ಲಿ. ಭಾರತವು 2016ರ ನಿಯಮಗಳಲ್ಲಿ ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಭಾಗಗಳ ಮಿತಿ ಹಾಕಿತು.

ಕಾರ್ಖಾನೆಗಾದರೆ ತನಿಖಾಧಿಕಾರಿ ಬಂದಾನು. ನಮ್ಮಲ್ಲಿ ಎಷ್ಟೋ ಕಲಾವಿದರಿಗೆ ಮನೆಯ ಪಡಸಾಲೆಯೇ ಚಿತ್ರಶಾಲೆ. ಅಲ್ಲೇ ಊಟ, ಅಲ್ಲೇ ಮಕ್ಕಳ ಆಟ. ಆದ್ದರಿಂದ ನಿಮ್ಮ ಮನೆಯಲ್ಲಿ ಚಿತ್ರ ಬರೆಯುವವರಿದ್ದರೆ ಇಷ್ಟನ್ನು ರೂಢಿಸಿಕೊಳ್ಳಿ: ಕುಂಚವನ್ನು ಬಾಯಿಗಿಡಬೇಡಿ, ಒಣಬಣ್ಣದ ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ, ಕಿಟಕಿ ತೆರೆದಿಡಿ. ಮೈ ಸರಿಯಿಲ್ಲವೆಂದು ವೈದ್ಯರಲ್ಲಿಗೆ ಹೋದಾಗ, ಅವರು ಕೇಳದಿದ್ದರೂ ನಿಮ್ಮ ಕಸುಬೇನೆಂದು ಹೇಳಿರಿ.