ಗುಳಿಗೆಯೂ ಅರ್ಬುದವೂ

ಅರ್ಬುದವೆಂಬ ಮಾತಿಗೆ ನಮ್ಮ ಹಳೆಯ ಗ್ರಂಥಗಳಲ್ಲಿ ಎರಡು ಅರ್ಥಗಳುಂಟು. ವೈದ್ಯರಿಗೆ ಅದು ದೇಹದಲ್ಲಿ ಬೆಳೆಯುವ ಗಂತಿ. ಭಾಸ್ಕರಾಚಾರ್ಯನ ‘ಲೀಲಾವತಿ’ಯ ಸಂಖ್ಯಾಸ್ಥಾನಗಳಲ್ಲಿ ಅದು ಕೋಟಿಯ ಮುಂದಿನದು, ಎಂದರೆ ಹತ್ತು ಕೋಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟವಾದಾಗ, ನಮ್ಮ ದೇಶದ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿಯೆಂದು ತಿಳಿದುಬಂತು. ಒಂದು ಅರ್ಬುದ ಜನಕ್ಕೆ ಸಕ್ಕರೆ ಕಾಯಿಲೆ! ಇವರು ನುಂಗುವ ಗುಳಿಗೆಗೂ ಆ ಇನ್ನೊಂದು ಅರ್ಬುದಕ್ಕೂ ನಂಟುಂಟೆ ಎಂಬ ಪ್ರಶ್ನೆಗೆ ಈಗ ಒಂದು ಚರಿತ್ರೆಯೇ ಬೆಳೆದಿದೆ.

1921ರಲ್ಲಿ ಕಂಡುಹಿಡಿದ ಇನ್ಸುಲಿನ್ನನ್ನು ಸೂಜಿಯಿಂದ ಚುಚ್ಚಿಕೊಳ್ಳಬೇಕಾಗಿತ್ತು. ಬಾಯಲ್ಲಿ ನುಂಗುವ ಔಷಧಕ್ಕೆ ದಾರಿ ತೆರೆದದ್ದು ಆಕಸ್ಮಿಕವಾಗಿ. 1942ರಲ್ಲಿ ಫ್ರಾನ್ಸಿನ ಮಾಂಪೆಲ್ಯೇ ನಗರದಲ್ಲಿ ವಿಷಮಶೀತ ಜ್ವರಕ್ಕೆಂದು ಒಂದು ಹೊಸ ಸಲ್ಫಾ ಔಷಧವನ್ನು ಕೊಟ್ಟಾಗ, ರೋಗಿಗಳ ರಕ್ತದಲ್ಲಿ ಸಕ್ಕರೆ ಇಳಿಯಿತು. 1957ರಲ್ಲಿ ಅದೇ ದೇಶದ ವೈದ್ಯ ಜ್ಯಾನ್ ಸ್ಟರ್ನ್ ಮಧುಮೇಹಿಗಳಲ್ಲಿ ಮೆಟ್‌ಫಾರ್ಮಿನ್ನಿನ ಪ್ರಯೋಗದ ಫಲವನ್ನು ಪ್ರಕಟಿಸಿದರು. ಬಹಳ ಕಾಲದ ಮೇಲೆ, 1999ರಲ್ಲಿ, ಜಪಾನಿನ ಟಾಕೆಡ ಕಂಪನಿಯ ಪಯೋಗ್ಲಿಟಜೋನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಇದರ ಮೇಲೆ ಮಾತ್ರ ಮೊದಲಿನಿಂದಲೂ ಸಂಶಯದ ಕಣ್ಣಿತ್ತು. ಗಂಡು ಇಲಿಗಳ ಮೂತ್ರಕೋಶದಲ್ಲಿ ಅದು ಗಂತಿಯನ್ನೆಬ್ಬಿಸಿತ್ತು.

2005ರಲ್ಲಿ ಯೂರೋಪಿನ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಹೊರಬಿತ್ತು. 5,238 ರೋಗಿಗಳಲ್ಲಿ ಈ ಔಷಧ ತೆಗೆದುಕೊಂಡವರ ಪೈಕಿ 14 ಮಂದಿಗೆ ಮೂತ್ರಕೋಶದ ಕ್ಯಾನ್ಸರ್. ತೆಗೆದುಕೊಳ್ಳದವರ ಪೈಕಿ 6 ಮಂದಿಗೆ. ಆಮೇಲೆ ಫ್ರಾನ್ಸ್ ತನ್ನ ಆರೋಗ್ಯ ವಿಮೆಯ ದಫ್ತರಗಳನ್ನು ತೆರೆದು ಸುಮಾರು 15 ಲಕ್ಷ ಮಧುಮೇಹಿಗಳ ಲೆಕ್ಕ ನೋಡಿತು. ಔಷಧ ನುಂಗಿದವರಲ್ಲಿ ಅಪಾಯ ಶೇಕಡ 22ರಷ್ಟು ಹೆಚ್ಚು ಎಂದು ಕಂಡಿತು. 2011ರ ಜೂನಿನಲ್ಲಿ ಆ ದೇಶ ಔಷಧವನ್ನು ತಡೆಹಿಡಿಯಿತು.

ಶೇಕಡ 22 ಎಂದೊಡನೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಲೆಕ್ಕದಲ್ಲಿ ಔಷಧ ನುಂಗಿದವರು 1,55,535 ಮಂದಿ. ಅವರಲ್ಲಿ ಈ ಕ್ಯಾನ್ಸರ್ ಬಂದದ್ದು 175 ಮಂದಿಗೆ. ಶೇಕಡ 22ರ ಪ್ರಕಾರ ಔಷಧದ ಪಾಲಿಗೆ ಬರುವವರು, ಒರಟು ಲೆಕ್ಕದಲ್ಲಿ, ಮೂವತ್ತೆರಡು ಜನ. ಮೂವತ್ತೆರಡು ಜೀವಗಳು ಸಣ್ಣ ಮಾತಲ್ಲ. ಹಾಗೆಂದು ಗುಳಿಗೆ ನುಂಗಿದವರಿಗೆಲ್ಲ ಕ್ಯಾನ್ಸರೆಂಬ ಮಾತೂ ಅಲ್ಲ.

ನಮ್ಮಲ್ಲಿ ಕೇಂದ್ರ ಸರ್ಕಾರ 2013ರ ಜೂನ್ 18ರಂದು ಈ ಔಷಧವನ್ನು ನಿಷೇಧಿಸಿತು. ಅಗ್ಗದ ಔಷಧ, ಬೇರೆ ಔಷಧಗಳೊಡನೆ ಒಂದೇ ಗುಳಿಗೆಯಲ್ಲಿ ಬೆರೆತೂ ಬರುತ್ತಿತ್ತು. ಹೀಗಾಗಿ ತಾವು ಅದನ್ನು ನುಂಗುತ್ತಿದ್ದೇವೆಂದು ಅನೇಕರಿಗೆ ಗೊತ್ತೇ ಇರಲಿಲ್ಲ. ಮಧುಮೇಹ ತಜ್ಞರು ಆಕ್ಷೇಪವೆತ್ತಿದರು. ಜುಲೈ 31ರಂದು ನಿಷೇಧ ರದ್ದಾಯಿತು. ಮೊದಲ ಆಯ್ಕೆಯಾಗಿ ಇದನ್ನು ಕೊಡಕೂಡದು, ಮೂತ್ರಕೋಶದ ಕ್ಯಾನ್ಸರ್ ಇದ್ದವರಿಗೂ ಕಾರಣ ತಿಳಿಯದೆ ಮೂತ್ರದಲ್ಲಿ ರಕ್ತ ಹೋಗುವವರಿಗೂ ಕೊಡಕೂಡದು ಎಂಬ ಎಚ್ಚರಿಕೆ ಔಷಧದ ಜೊತೆಗೆ ಬಂತು.

ಆ ದಿನಗಳಲ್ಲಿ ನಮ್ಮ ಪುಟ್ಟೇನಹಳ್ಳಿ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ನಡೆಯಲು ಬರುವ ಹಿರಿಯರಲ್ಲಿ ಇದೇ ಮಾತು. “ಮೇಷ್ಟ್ರೇ, ಸಕ್ಕರೆ ಗುಳಿಗೆಯಿಂದ ಕ್ಯಾನ್ಸರ್ ಬರುತ್ತಂತಲ್ಲ, ನಾನಂತೂ ಎಲ್ಲಾ ನಿಲ್ಲಿಸಿಬಿಟ್ಟೆ” ಎಂದರು ಒಬ್ಬರು. ಅವರು ನುಂಗುತ್ತಿದ್ದುದು ಮೆಟ್‌ಫಾರ್ಮಿನ್ ಒಂದೇ! ನಿಷೇಧದ ಸುದ್ದಿ ಕುದುರೆಯೇರಿ ಬಂದಿತ್ತು. ರದ್ದಾದ ಸುದ್ದಿ ಕುಂಟುತ್ತ ಬಂತು.

ಮೆಟ್‌ಫಾರ್ಮಿನ್ನಿನ ಕಥೆಯಾದರೋ ತಿರುವುಮುರುವು. ಅದನ್ನು ನುಂಗುವವರಲ್ಲಿ ಕ್ಯಾನ್ಸರ್ ಕಡಿಮೆಯೆಂದು 2005ರಲ್ಲಿ ಸ್ಕಾಟ್ಲೆಂಡಿನ ವರದಿಯೊಂದು ಹೇಳಿ ಆಸೆ ಹುಟ್ಟಿಸಿತು. ಆದರೆ ಸ್ತನ ಕ್ಯಾನ್ಸರಿನ 3,649 ರೋಗಿಗಳನ್ನು ಒಳಗೊಂಡ ಪ್ರಯೋಗ 2022ರಲ್ಲಿ ಪ್ರಕಟವಾದಾಗ, ಚಿಕಿತ್ಸೆಗೆ ಅದನ್ನು ಸೇರಿಸಿದ್ದರಿಂದ ಪ್ರಯೋಜನ ಕಾಣಲಿಲ್ಲ. 2020ರಲ್ಲಿ ಅಮೆರಿಕದಲ್ಲಿ ಕೆಲವು ಕಂಪನಿಗಳ ಮೆಟ್‌ಫಾರ್ಮಿನ್ ಗುಳಿಗೆಗಳನ್ನು ಹಿಂದಕ್ಕೆ ಪಡೆದದ್ದುಂಟು; ಅದು ಅವುಗಳಲ್ಲಿ ಬೆರೆತಿದ್ದ ಕಲ್ಮಶದ ದೋಷ, ಔಷಧದ್ದಲ್ಲ. ಪಯೋಗ್ಲಿಟಜೋನಿನ ವ್ಯಾಜ್ಯವೂ ಪೂರ್ತಿ ತೀರಿಲ್ಲ. 1,93,099 ರೋಗಿಗಳನ್ನು ನೋಡಿದ ಅಮೆರಿಕದ ಅಧ್ಯಯನ 2015ರಲ್ಲಿ, ಗಣನೀಯ ಅಪಾಯ ಕಾಣಲಿಲ್ಲವೆಂದಿತು. ಮರುವರ್ಷವೇ ಬ್ರಿಟನ್ನಿನ ದಾಖಲೆಗಳ ಅಧ್ಯಯನ, ಉಂಟೆಂದಿತು.

ಇನ್ನೊಂದು ತೊಡಕನ್ನು ಓದುಗರು ಗಮನಿಸಬೇಕು. ಮಧುಮೇಹವಿರುವವರಲ್ಲಿ ಯಕೃತ್ತು, ಮೇದೋಜೀರಕ ಗ್ರಂಥಿ, ಗರ್ಭಕೋಶದ ಒಳಪದರ ಇವುಗಳ ಕ್ಯಾನ್ಸರ್ ಇತರರಿಗಿಂತ ಹೆಚ್ಚು ಎಂದು ಅಮೆರಿಕದ ಮಧುಮೇಹ ಮತ್ತು ಕ್ಯಾನ್ಸರ್ ಸಂಘಗಳ 2010ರ ಜಂಟಿ ವರದಿ ಹೇಳುತ್ತದೆ. ಆದ್ದರಿಂದ ಗುಳಿಗೆ ನುಂಗುವವನನ್ನು ಆರೋಗ್ಯವಂತನೊಡನೆ ಹೋಲಿಸಿದರೆ ರೋಗದ ತಪ್ಪು ಮದ್ದಿನ ತಲೆಗೆ ಬಂದೀತು.

ಈ ಚರಿತ್ರೆಯಲ್ಲಿ ನನ್ನನ್ನು ಕಾಡುವುದು ಇಷ್ಟು. ನಮ್ಮ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ರೋಗಿಗಳನ್ನು ನೋಂದಾಯಿಸುತ್ತ ಬಂದಿದೆ. ಆದರೆ ಯಾರು ಯಾವ ಗುಳಿಗೆಯನ್ನು ಎಷ್ಟು ಕಾಲ ನುಂಗಿದರೆಂಬ ಲೆಕ್ಕ ಅಂಥ ನೋಂದಣಿಯೊಡನೆ ಕೂಡುವ ಏರ್ಪಾಡು, ಫ್ರಾನ್ಸಿನಲ್ಲಿದ್ದಂತೆ, 2013ರಲ್ಲಿ ನಮ್ಮ ದೇಶದಲ್ಲಿ ಇರಲಿಲ್ಲ. ತನ್ನ ರೋಗಿಗಳನ್ನು ತಾನೇ ಎಣಿಸಿಕೊಳ್ಳದ ನಾಡು ಭಯವನ್ನೂ ಧೈರ್ಯವನ್ನೂ ಹೊರಗಿನಿಂದಲೇ ಸಾಲ ತರಬೇಕಾಗುತ್ತದೆ. ಜೂನಿನಲ್ಲಿ ಭಯವನ್ನು ತಂದೆವು, ಜುಲೈಯಲ್ಲಿ ಧೈರ್ಯವನ್ನು. ಒಂದು ಅರ್ಬುದ ರೋಗಿಗಳಿರುವ ದೇಶಕ್ಕೆ ಇದು ಒಪ್ಪತಕ್ಕ ಮಾತಲ್ಲ.

ಅಲ್ಲಿಯವರೆಗೆ ಮಧುಮೇಹಿಯು ತನ್ನ ಗುಳಿಗೆಯಲ್ಲಿರುವ ಔಷಧದ ಹೆಸರನ್ನು ಓದಿ ತಿಳಿದಿರಲಿ. ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ಹೇಳಲಿ. ಕೆರೆಯ ದಂಡೆಯ ಮಾತು ಕೇಳಿ ಮದ್ದನ್ನು ಬಿಡದಿರಲಿ.