ರಾಶಿಯ ಅಳತೆ, ಧಾನ್ಯದ ತೂಕ

ಸುಗ್ಗಿಯಲ್ಲಿ ತೂರಿ ಹಸನುಮಾಡಿ ಕಣದ ನಡುವೆ ಒಟ್ಟಿದ ಕಾಳಿನ ರಾಶಿಯನ್ನು ತಾವು ಕಂಡೇ ಇದ್ದೀರಿ. ಅಳೆಯುವವನು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ತೊಡಗುತ್ತಿದ್ದುದನ್ನು ಹಿರಿಯ ಓದುಗರು ಮರೆತಿರಲಾರರು. ಕೊಳಗ ತುಂಬುವ ಮೊದಲೇ ಅನುಭವಿಯಾದ ಒಕ್ಕಲಿಗನು ರಾಶಿಯನ್ನು ಒಮ್ಮೆ ಸುತ್ತಿಬಂದು, ಇಷ್ಟು ಖಂಡುಗವಾದೀತು ಎಂದುಬಿಡುತ್ತಿದ್ದನು. ಇದು ಬರಿಯ ಕಣ್ಣಳತೆಯೆಂದು ತಿಳಿಯಬೇಡಿರಿ. ಇದಕ್ಕೆ ನಮ್ಮ ದೇಶದಲ್ಲಿ ಶಾಸ್ತ್ರವೇ ಇದ್ದಿತು.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನೂ 1150ರಲ್ಲಿ ‘ಲೀಲಾವತಿ’ಯನ್ನು ರಚಿಸಿದ ಭಾಸ್ಕರಾಚಾರ್ಯನೂ ಇದಕ್ಕೆ ‘ರಾಶಿವ್ಯವಹಾರ’ವೆಂಬ ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ರಾಶಿಯ ಎತ್ತರವನ್ನು ಅಳೆಯುವುದು ಕಷ್ಟ. ಕೋಲು ಚುಚ್ಚಿದರೆ ಕಾಳು ಜರಿಯುತ್ತದೆ. ಬುಡದ ಸುತ್ತಳತೆಗಾದರೋ ಒಂದು ಹಗ್ಗ ಸಾಕು. ಕಡಲೆಯಂತಹ ದಪ್ಪ ಕಾಳಿನ ರಾಶಿಯು ಸುತ್ತಳತೆಯ ಹತ್ತನೆಯ ಒಂದು ಭಾಗ, ಸಾಸಿವೆಯಂತಹ ಸಣ್ಣ ಕಾಳಿನದು ಹನ್ನೊಂದನೆಯ ಒಂದು ಭಾಗ, ಭತ್ತದಂತಹ ಮುಳ್ಳುಳ್ಳ ಧಾನ್ಯದ್ದು ಒಂಬತ್ತನೆಯ ಒಂದು ಭಾಗ ಎತ್ತರವಿರುವುದೆಂದು ಅವರು ವಿಧಿಸಿದರು. ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ಗಾತ್ರ ದೊರೆಯುತ್ತದೆ. ಭಾಸ್ಕರನ ಉದಾಹರಣೆಯಲ್ಲಿ ಸುತ್ತಳತೆ 60 ಮೊಳ. ದಪ್ಪ ಕಾಳಾದರೆ ಎತ್ತರ 6 ಮೊಳ, ಗಾತ್ರ 600 ಘನಮೊಳ. ಒಂದು ಘನಮೊಳವೇ ಮಗಧದ ಒಂದು ಖಾರಿ. ಆದ್ದರಿಂದ 600 ಖಾರಿ. ಗೋಡೆಗೊರಗಿದ ರಾಶಿಗೂ ಮೂಲೆಯಲ್ಲಿ ಒಟ್ಟಿದ ರಾಶಿಗೂ ಬೇರೆ ಲೆಕ್ಕವುಂಟು.

ಈ ಮೂರು ಭಾಗಗಳನ್ನು ಇಂದಿನ ಕೋನಗಳಾಗಿ ಬದಲಿಸಿದರೆ ಇಳಿಜಾರು ಸುಮಾರು 32, 30 ಮತ್ತು 35 ಡಿಗ್ರಿಗಳಾಗುತ್ತದೆ. ಕಾಳು ಕಾಳಿಗೆ ಉಜ್ಜುವ ಬಗೆಯೇ ರಾಶಿಯ ರೂಪವನ್ನು ನಿರ್ಣಯಿಸುವುದೆಂಬುದನ್ನು ಅವರು ಕಣದಲ್ಲಿಯೇ ಕಂಡುಕೊಂಡಿದ್ದರು. ಒಂದು ಕೊರತೆಯನ್ನೂ ಹೇಳಬೇಕು. ಈ ಸೂತ್ರದಲ್ಲಿ ಪರಿಧಿಯು ವ್ಯಾಸದ ಮೂರರಷ್ಟೆಂದು ಹಿಡಿದಿರುವುದರಿಂದ ನಿಜವಾಗಿ 573 ಆಗಬೇಕಾದುದು 600 ಆಗುತ್ತದೆ. ಭಾಸ್ಕರನಿಗೆ ಇದಕ್ಕಿಂತ ಸೂಕ್ಷ್ಮವಾದ ಮಾನ ತಿಳಿಯದಿರಲಿಲ್ಲ. ಅದೇ ಗ್ರಂಥದಲ್ಲಿ ಕೊಟ್ಟಿದ್ದಾನೆ. ಕಣದಲ್ಲಿ ಲೆಕ್ಕ ಸುಲಭವಾಗಲೆಂದು ಒರಟು ಮಾನವನ್ನೇ ಉಳಿಸಿಕೊಂಡಿರಬೇಕು. ಆದರೆ ರಾಶಿಯನ್ನು ಅಳೆಯದೆ ಈ ಲೆಕ್ಕದಿಂದಲೇ ಪಾಲು ಕೇಳಿದರೆ, ನೂರಕ್ಕೆ ಸುಮಾರು ಐದರಷ್ಟು ಇಲ್ಲದ ಧಾನ್ಯವನ್ನು ಬೆಳೆದವನು ಕೊಡಬೇಕಾಗುತ್ತದೆ!

ಇಷ್ಟಾದರೂ ದೊರೆತುದು ಗಾತ್ರ ಮಾತ್ರ, ತೂಕವಲ್ಲ. 12 ಮೀಟರು ಸುತ್ತಳತೆಯ ಎರಡು ರಾಶಿಗಳನ್ನು ಊಹಿಸಿಕೊಳ್ಳಿರಿ: ಒಂದು ಭತ್ತ, ಇನ್ನೊಂದು ಕಡಲೆ. ಭತ್ತದ ರಾಶಿ ಅರ್ಧ ಗೇಣಿಗಿಂತ ತುಸು ಹೆಚ್ಚು ಎತ್ತರವಾಗಿ ಕಾಣುವುದು. ಆದರೆ ಒಂದು ಘನಮೀಟರು ಭತ್ತ ಸುಮಾರು 580 ಕಿಲೋ ತೂಗಿದರೆ ಕಡಲೆ 780 ಕಿಲೋದ ಆಸುಪಾಸಿನಲ್ಲಿ ತೂಗುತ್ತದೆ. ಹೊಟ್ಟಿನೊಳಗೂ ಕಾಳುಗಳ ಸಂದಿನಲ್ಲಿಯೂ ಇರುವ ಗಾಳಿಗೆ ತೂಕವೆಲ್ಲಿಯದು? ಎತ್ತರವಾದ ಭತ್ತದ ರಾಶಿಯೇ ಸುಮಾರು ಆರು ಕ್ವಿಂಟಲು ಹಗುರ. ಅಣ್ಣತಮ್ಮಂದಿರು ಕಣದಲ್ಲಿಯೇ ಪಾಲಾಗುವಾಗ ಎತ್ತರವನ್ನು ನೋಡಿ ಆರಿಸಿಕೊಂಡವನು ಸೋತಂತೆಯೇ.

ಆದುದರಿಂದ ಅಳತೆಯ ಪಾತ್ರೆಯನ್ನೇ ತೂಕಕ್ಕೆ ಕಟ್ಟಿಹಾಕುವ ಉಪಾಯ ಹುಟ್ಟಿತು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇದು ಸ್ಪಷ್ಟವಾಗಿದೆ. ಅಲ್ಲಿ ದ್ರೋಣವೆಂಬ ಅಳತೆಯ ಪ್ರಮಾಣವನ್ನು ಅದು ಹಿಡಿಯುವ ಉದ್ದಿನ ತೂಕದಿಂದ ನಿರ್ಣಯಿಸಿದೆ. ಆದರೆ ದ್ರೋಣ ಒಂದಲ್ಲ, ನಾಲ್ಕು! ಅರಮನೆಗೆ ಬರುವ ಧಾನ್ಯವನ್ನು ಅಳೆಯುವ ದ್ರೋಣ 200 ಪಲ ಉದ್ದಿನದು, ವ್ಯಾಪಾರದ್ದು 187½, ಸಂಬಳವಾಗಿ ಕೊಡುವುದು 175, ಅಂತಃಪುರಕ್ಕೆ ಕೊಡುವುದು 162½. ಕೊಟ್ಟಾರದಲ್ಲಿ ಧಾನ್ಯವು ಒಣಗಿ ಕುಗ್ಗುವುದು, ಇಲಿ ಹುಳುಗಳ ಪಾಲಾಗುವುದು ನಿಜ. ಅದಕ್ಕಾಗಿ ಈ ಅಂತರವೆಂದು ಸಮರ್ಥಿಸಬಹುದು. ಆದರೂ ಲೆಕ್ಕ ಹಾಕಿ ನೋಡಿರಿ. ರೈತನು ಹದಿನಾರು ದ್ರೋಣ ಉದ್ದು ಅಳೆದುಕೊಟ್ಟರೆ 3200 ಪಲ. ಆಳು ಅದೇ ಹದಿನಾರು ದ್ರೋಣ ಅಳೆಸಿಕೊಂಡರೆ 2800 ಪಲ. ಹೆಸರು ಒಂದೇ, ಎಣಿಕೆಯೂ ಒಂದೇ. ನಡುವಿನ 400 ಪಲ ಕೊಟ್ಟಾರದಲ್ಲಿಯೇ ಉಳಿಯಿತು.